ಒಬ್ಬನ್ನ ತೋರ್ಸು ಅನ್ನುವ ಮೇಡಂ

ನಮ್ಮ ಮೇಡಂಗೆ ಬೀಳ್ಕೊಡುಗೆ ಮಾಡಿದ ದಿನ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ನನ್ನನ್ನು ಕರೆದರು. ಕರೆದವರು ಹೊಸದಾಗಿ ಬಂದ ಮೇಷ್ಟ್ರು, ನನ್ನನ್ನು ಬಲ್ಲವರಲ್ಲ. ಬಲ್ಲವರೆಲ್ಲ ತಲೆ ತಗ್ಗಿಸಿಕೊಂಡು ಕೂತಿದ್ದರು. ನಾನು ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, 'ಮೇಡಂ ಬಗ್ಗೆ ಎಷ್ಟು ಹೇಳಿದರೂ ಕಡಿಮೆ' ಎಂದು ಶುರುಮಾಡಿದೆ. ಮೊದಲ ಸಾಲಿನಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದ ಮೇಡಂ ಅಲ್ಲಿಂದಲೇ, 'ಮೊದ್ಲು ಒಂದು ಏಳು. ಕಡ್ಮೆ ಆಯ್ತದೋ ಜಾಸ್ತಿ ಆಯ್ತದೋ ಆಮೇಕೆ ನೋಡನ' ಅಂದರು. ಸಭೆ ನಕ್ಕಿತು. ಹೇಳಬೇಕಾದ ಆ ಒಂದು ಯಾವುದು ಎಂದು ನನಗೆ ಹೊಳೆಯಲೇ ಇಲ್ಲ. ನೀರು ಕುಡಿದೆ, ಮೈಕಿಗೇ ಕೈಮುಗಿದೆ, ಇಳಿದು ಬಂದೆ. ಖಾಯಂ ಕೆಲಸ ಸಿಕ್ಕಿ ಅವರು ದೂರದ ಊರಿಗೆ ಹೊರಟುಹೋದ ಮೇಲೆ, ಊಟ ಮಾಡುತ್ತಿರುವಾಗ, ತುತ್ತು ಬಾಯಲ್ಲಿದ್ದ ಹಾಗೇ ಹೊಳೆಯಿತು, ಅವತ್ತು ಹೇಳಬೇಕಿದ್ದದ್ದು ಈ ಕತೆ. ಮಾತು ಬರಬೇಕಾದಾಗ ಬಾರದೆ ಆಮೇಲೆ ಬರುವುದು ನನ್ನ ಹುಟ್ಟುಗುಣ.

ಮೇಡಂ ತಿ. ನರಸೀಪುರದವರು, ನಾನು ನಂಜನಗೂಡಿನವನು. ನಮ್ಮೂರನ್ನು ದಾಟಿದ ಕಪಿಲೆ ಅವರೂರಿಗೆ ಹೋಗಿ ಕಾವೇರಿಯನ್ನು ಸೇರುತ್ತಾಳೆ. 'ನೀವು ಮ್ಯಾಲಿಂದ ಏನ್ ತೊಳುದ್ ಬುಟ್ರೂ ಕೊನೆಗೆ ನಮ್ಮೂರ್ಗೇ ಬರೋದು ಕಣೋ' ಎಂದು ನನ್ನ ಉತ್ತರಪತ್ರಿಕೆ ಕೈಗೆ ಬಂದಾಗಲೆಲ್ಲ ಹೇಳುತ್ತಿದ್ದರು. ಸರ್ಕಾರಿ ಯೂನಿವರ್ಸಿಟಿಯ ಗಣಿತ ವಿಭಾಗದಲ್ಲಿ ನಾವು ಎಂ.ಎಸ್ಸಿ. ಓದುತ್ತಿದ್ದಾಗ ಅವರು ಅತಿಥಿ ಉಪನ್ಯಾಸಕಿ. ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು. ವಿಭಾಗದ ಮುಖ್ಯಸ್ಥರು 'ಇರಲಿ' ಅಂದರೆ ಕೆಲಸ ಉಂಟು, 'ನೋಡೋಣ' ಅಂದರೆ ಇಲ್ಲ. ನಮ್ಮ ಮನೆಗೆ ಅತಿಥಿಯಾಗಿ ಬರುವ ಸೋದರಮಾವನಿಗೆ ಇದಕ್ಕಿಂತ ಹೆಚ್ಚು ಭದ್ರತೆ ಇದೆ. ಅವನು ಅರ್ಜಿ ಇಲ್ಲದೆ ಬರುತ್ತಾನೆ, 'ನೋಡೋಣ' ಅಂದರೂ ಹೋಗುವುದಿಲ್ಲ.

ಅವರ ಕ್ಲಾಸಿಗೆ ಒಂದು ಪದ್ಧತಿ ಇತ್ತು. ಬಂದ ಕೂಡಲೇ ಒಂದು ಸೀಮೆಸುಣ್ಣವನ್ನು ಪಟ್ ಅಂತ ಎರಡಾಗಿ ಮುರಿಯುವರು. ಅರ್ಧ ತಮಗೆ, ಉಳಿದರ್ಧ ಆ ದಿನ ಮೊದಲು ನಕ್ಕವರಿಗೆ. ನಕ್ಕವರು ಬೋರ್ಡಿನ ಎಡಭಾಗದಲ್ಲಿ ನಿಂತು, ಮೇಡಂ ಬಲಭಾಗದಲ್ಲಿ ಸಾಧಿಸುವುದನ್ನೇ ತಮ್ಮ ಬುದ್ಧಿಯಿಂದ ಸಾಧಿಸಬೇಕು. 'ನಗಕೆ ಧೈರ್ಯ ಬೇಕು. ಧೈರ್ಯ ಇರೋರ್ಗೆ ಗಣಿತ ಬತ್ತದೆ' ಎಂಬುದು ಅವರ ನಂಬಿಕೆ. ಈ ನಂಬಿಕೆ ತಪ್ಪೆಂದು ತೋರಿಸುವ ಜೀವಂತ ಸಾಕ್ಷಿಯಾಗಿ ನಾನು ವರ್ಷವಿಡೀ ಬೋರ್ಡಿನ ಎಡಭಾಗದಲ್ಲಿ ನಿಂತಿದ್ದೆ. ನನಗೆ ನಗು ತಡೆಯಲು ಬರುವುದಿಲ್ಲ. ಫೇಲಾದ ಫಲಿತಾಂಶ ನೋಡಿಯೂ ನಕ್ಕಿದ್ದೇನೆ, ಅದು ಪಕ್ಕದವನದು ಅಂದುಕೊಂಡು.

ಒಂದು ದಿನ 'ಅನಂತಕ್ಕೆ ಓಗೋ ಒಂದ್ ಗೆರೆ ಎಳಿ' ಅಂದರು. ಎಳೆದೆ. ಬೋರ್ಡು ಮುಗಿಯಿತು. ನಿಲ್ಲಿಸು ಎಂದು ಯಾರೂ ಹೇಳಲಿಲ್ಲವಲ್ಲ, ಗೋಡೆಯ ಮೇಲೆ ಮುಂದುವರಿಸಿದೆ, ಬಾಗಿಲ ಚೌಕಟ್ಟು ದಾಟಿ ಕಾರಿಡಾರಿಗೆ ಬಂದೆ. ಒಳಗಿನಿಂದ ಮೇಡಂ ದನಿ ಕೇಳಿಸಿತು: 'ಅಂಗೇ ಕ್ಯಾಂಟೀನ್ ತಾವ ಓಗಿ ನಂಗೊಂದು ಟೀ ಏಳ್ಬುಟ್ಟು, ಆಮೇಕೆ ಅನಂತಕ್ಕೆ ಓಗು.' ಅವತ್ತು ಆ ಗೋಡೆಯನ್ನು ನಾನೇ ಒರೆಸಿದೆ. ಅನಂತವನ್ನು ಒದ್ದೆ ಬಟ್ಟೆಯಿಂದ ಒರೆಸಿದವನು ನಮ್ಮ ಬ್ಯಾಚಿನಲ್ಲಿ ನಾನೊಬ್ಬನೇ.

ಮೇಡಂ ಬಾಯಲ್ಲಿ ಸದಾ ಇದ್ದ ಮಾತು 'ಒಬ್ಬನ್ನ ತೋರ್ಸು'. ನೀವು ಯಾವುದರ ಬಗ್ಗೆ ಏನೇ ಹೇಳಿದರೂ ಅಂಥದ್ದೊಂದನ್ನು ಮೊದಲು ಕಣ್ಣಿಗೆ ತೋರಿಸಬೇಕು. 'ಈಗಿನ ಹುಡುಗರೆಲ್ಲ ಕೆಟ್ಟುಹೋಗಿದ್ದಾರೆ' ಎಂದು ಯಾರೋ ಮೇಷ್ಟ್ರು ಅಂದಾಗ, 'ಎಲ್ಲಾರ್ನೂ ಬುಡಿ ಸಾ, ಒಬ್ಬನ್ನ ತೋರ್ಸಿ' ಅಂದಿದ್ದರು. ಮೇಷ್ಟ್ರು ನನ್ನನ್ನು ತೋರಿಸಿದರು. ಮೇಡಂ ಒಪ್ಪಿಕೊಂಡರು.

ಹೆಂಗಸರಿಗೆ ಬಸ್ಸು ಫ್ರೀ ಆದ ಹೊಸದರಲ್ಲಿ ಕಂಡಕ್ಟರ್ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಕ್ಲಾಸಿಗೇ ತಂದರು. 'ಇದು ಏನು?' ಅಂತ ಎತ್ತಿ ಹಿಡಿದರು. ಸೊನ್ನೆ ಅಂದೆವು. 'ಇದು ಇಲ್ದೆ ಓದ್ರೆ ಚೆಕಿಂಗ್‌ನೋರು ಇಳುಸ್ತಾರಾ ಇಲ್ವಾ? ಇಳುಸ್ತಾರೆ. ಅಂಗಾರೆ ಸೊನ್ನೆ ಬೇರೆ, ಏನೂ ಇಲ್ದಿರೋದು ಬೇರೆ. ಬರ್ಕಳಿ.' ಇಡೀ ಕ್ಲಾಸು ಗಂಭೀರವಾಗಿ ಬರೆದುಕೊಂಡಿತು. ನಾನು ನಕ್ಕೆ, ಅರ್ಧ ಸೀಮೆಸುಣ್ಣ ಬಂತು.

ಇಂಥ ಮೇಡಂ ನನ್ನ ಪ್ರಾಜೆಕ್ಟಿಗೆ ಗೈಡ್ ಆದರು. ಕೊನೆಯ ಸೆಮಿಸ್ಟರಿನಲ್ಲಿ ಎಲ್ಲರೂ ಒಂದೊಂದು ವಿಷಯದ ಮೇಲೆ ಪ್ರಾಜೆಕ್ಟ್ ಬರೆದು, ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಅದನ್ನು ವಿವರಿಸಬೇಕು. ಅದು ಹೋದರೆ ಡಿಗ್ರಿ ಹೋಯಿತು, ಮತ್ತೊಂದು ವರ್ಷ ನಂಜನಗೂಡಿನ ಬಸ್‌ಸ್ಟ್ಯಾಂಡು. ಉಳಿದವರೆಲ್ಲ ಬುದ್ಧಿವಂತರು, ಪುಸ್ತಕದಲ್ಲಿ ಇದ್ದದ್ದನ್ನು ತಮ್ಮ ಅಕ್ಷರದಲ್ಲಿ ಬರೆದರು. ನಾನು ಸ್ವಂತ ಸಂಶೋಧನೆಗೆ ಇಳಿದೆ.

ಗಣಿತದಲ್ಲಿ ಫಂಕ್ಷನ್ ಅಂದರೆ ಮದುವೆ ಮುಂಜಿ ಅಲ್ಲ. ಒಂದು ಸಂಖ್ಯೆ ಕೊಟ್ಟರೆ ಇನ್ನೊಂದು ಸಂಖ್ಯೆಯನ್ನು ವಾಪಸ್ ಕೊಡುವ ಯಂತ್ರ. ಕೆಲವು ಯಂತ್ರಗಳು ಒರಟು. ನೀವು ಒಂದಿಷ್ಟು ಅತ್ತಿತ್ತ ಆದರೆ ಅವು ಎಲ್ಲಿಂದ ಎಲ್ಲಿಗೋ ಹಾರುತ್ತವೆ. ನನಗೆ ಬೇಕಿದ್ದುದು ತೀರಾ ಸಾಧು ಸ್ವಭಾವದವು. ನೀವು ಹತ್ತರಲ್ಲೊಂದು ಪಾಲು ಸರಿದರೆ ಅವು ಹತ್ತರಲ್ಲೊಂದರ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಸರಿಯಬಾರದು. ನೂರರಲ್ಲೊಂದು ಪಾಲು ಸರಿದರೆ, ನೂರರಲ್ಲೊಂದರ ನೂರರಲ್ಲೊಂದು ಪಾಲು ಮಾತ್ರ. ಇವಕ್ಕೆ 'ಸುಶೀಲ ಫಂಕ್ಷನ್' ಎಂದು ನಾನೇ ಹೆಸರಿಟ್ಟೆ.

ಸುಶೀಲರ ಬಗ್ಗೆ ಪ್ರಮೇಯಗಳು ಒಂದರ ಹಿಂದೆ ಒಂದು ಹುಟ್ಟತೊಡಗಿದವು. ಇಬ್ಬರು ಸುಶೀಲರನ್ನು ಕೂಡಿಸಿದರೆ ಬರುವವನೂ ಸುಶೀಲ. ಒಬ್ಬನ ಮೇಲೆ ಒಬ್ಬನನ್ನು ಹೇರಿದರೂ ಸುಶೀಲ. ಯಾವುದಕ್ಕೂ ನಾಲ್ಕು ಸಾಲಿಗಿಂತ ಹೆಚ್ಚು ಬೇಕಿಲ್ಲ. ಬೆಳಿಗ್ಗೆ ತಾಂಡವಪುರದ ಹತ್ತಿರ ಬಸ್ಸಿನಲ್ಲಿ ಶುರುಮಾಡಿದ ಪ್ರಮೇಯ ಯೂನಿವರ್ಸಿಟಿ ಬರುವಷ್ಟರಲ್ಲಿ ಮುಗಿಯುತ್ತಿತ್ತು. ಗಣಿತ ಇಷ್ಟು ಸಲೀಸಾಗಿ ಬಂದರೆ ಯಾರಿಗಾದರೂ ಅನುಮಾನ ಬರಬೇಕು. ನನ್ನಂಥವನಿಗೆ ಬಂದರೆ ಪೊಲೀಸರಿಗೇ ತಿಳಿಸಬೇಕು.

ಮೇಡಂಗೆ ಅನುಮಾನ ಬರಲಿಲ್ಲ. ಮೊದಲ ಪ್ರಮೇಯ ಓದಿದವರೇ ವಿಭಾಗದ ಮೆಟ್ಟಿಲ ಮೇಲೆ ಕೂತುಬಿಟ್ಟರು. 'ಇದ್ನ ನೀನೇ ಮಾಡ್ದಾ?' 'ಹೂಂ ಮೇಡಂ.' 'ಯಾರ್ದೂ ಕದೀಲಿಲ್ವಾ?' 'ಕದಿಯೋಕೆ ಇನ್ನೊಬ್ಬರದು ಅರ್ಥ ಆಗಬೇಕಲ್ಲ ಮೇಡಂ.' ಅವರಿಗೆ ಇದು ಸರಿಯೆನಿಸಿತು. ಅಲ್ಲಿಂದ ನಮ್ಮಿಬ್ಬರಿಗೂ ಒಂದು ಬಗೆಯ ಜ್ವರ ಹಿಡಿಯಿತು. ಕಾರಿಡಾರಿನಲ್ಲಿ ಎದುರಾದರೆ ನಮಸ್ಕಾರ ಇಲ್ಲ, 'ಸುಶೀಲರ್ನ ಗುಣುಸ್ದಾ?' ಎಂಬುದೇ ಕ್ಷೇಮಸಮಾಚಾರ. ಊಟದ ಡಬ್ಬಿಯ ಮುದ್ದೆ ಆರಿಹೋಗುತ್ತಿದ್ದರೂ ಮೇಡಂ ಬೆರಳಿನಿಂದ ಟೇಬಲ್ಲಿನ ಮೇಲೆ ಪ್ರಮೇಯ ಬರೆಯುತ್ತಿದ್ದರು. ಉಪ್ಸಾರಿನಲ್ಲಿ ಬರೆದ ಪ್ರಮೇಯವೊಂದು ನನ್ನ ಪ್ರಾಜೆಕ್ಟಿನ ಮೂರನೇ ಅಧ್ಯಾಯದಲ್ಲಿದೆ. ಈ ಸಂಭ್ರಮದಲ್ಲಿ, ಕಂಡಕಂಡವರಿಗೆಲ್ಲ 'ಒಬ್ಬನ್ನ ತೋರ್ಸು' ಅನ್ನುತ್ತಿದ್ದ ಮೇಡಂ ನನಗೆ ಮಾತ್ರ ಆ ಮಾತು ಹೇಳಲು ಮರೆತರು. ಪ್ರಾಜೆಕ್ಟಿಗೆ ಸಹಿ ಹಾಕಿದರು. ಬೈಂಡಿಂಗ್ ಆಯಿತು.

ಬೈಂಡ್ ಆದ ಪ್ರತಿಯನ್ನು ಮನೆಗೆ ತಂದದ್ದೇ ತಪ್ಪಾಯಿತು. 'ಇದ್ರಲ್ಲಿ ಏನದೆ?' ಅಂತ ಅವ್ವ ಕೇಳಿದಳು. 'ಇದುವರೆಗೂ ಯಾರೂ ಕಂಡುಹಿಡೀದೆ ಇರೋದು' ಅಂದೆ. ಅವ್ವ ಬೀದಿಗೆ ಹೇಳಿದಳು. ಬೀದಿ ಸಿದ್ದರಾಜುವಿಗೆ ಹೇಳಿತು. ಸಿದ್ದರಾಜು ಕವಲಂದೆಯವನು, ನನ್ನ ಜೊತೆ ಪಿಯುಸಿ ಓದಿದವನು, ಈಗ ನಮ್ಮೂರಿನ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಅವನಿಗೆ ಹೇಳುವುದೂ ಒಂದೇ, ಸರ್ಕಲ್ಲಿನಲ್ಲಿ ಕಟ್ಟುವುದೂ ಒಂದೇ. ಬೆಳಗಾಗುವಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಎದುರು ನಾನು ಕಂಬದಿಂದ ಕಂಬಕ್ಕೆ ಹರಡಿಕೊಂಡಿದ್ದೆ. ದೊಡ್ಡಪ್ಪನ ಮಗಳ ಮದುವೆಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ತೆಗೆಸಿದ ಫೋಟೋ. ಹಿಂದೆ ರಾಕೆಟ್ಟು. 'ನೂತನ ಪ್ರಮೇಯ ಕಂಡುಹಿಡಿದ ವಿಶ್ವವಿಖ್ಯಾತ ಗಣಿತಜ್ಞ, ನಮ್ಮ ನಿಮ್ಮೆಲ್ಲರ ನೆಚ್ಚಿನ ಅಣ್ಣನವರಿಗೆ ಹಾರ್ದಿಕ ಅಭಿನಂದನೆಗಳು.' ಕೆಳಗೆ ಗೆಳೆಯರ ಬಳಗದ ಮುಖಗಳು. ಅವರಲ್ಲಿ ಅರ್ಧ ಜನ ನನಗೆ ಪರಿಚಯವೇ ಇಲ್ಲ. ಇನ್ನರ್ಧ ಜನಕ್ಕೆ ಗಣಿತ ಪರಿಚಯ ಇಲ್ಲ.

'ರಾಕೆಟ್ ಯಾಕ್ಲಾ?' ಅಂದೆ.

'ಗಣಿತುದ್ದು ಪಿಚ್ಚರ್ ಯಾವ್ದಾರ ಇದ್ರೆ ಕೊಡ್ಲಾ, ಆಕ್ತೀನಿ' ಅಂದ ಸಿದ್ದರಾಜು. ಯೋಚಿಸಿದೆ. ಕೊಡಲು ನನ್ನ ಹತ್ತಿರ ಯಾವುದೂ ಇರಲಿಲ್ಲ.

ಅದೇ ಭಾನುವಾರ ಮೇಡಂ ಫೋನು ಬಂತು. ಎತ್ತಿದ ಕೂಡಲೇ, 'ಎಲ್ಲಿದ್ದೀಯೋ? ನಮ್ಮೂರ್ಗೆ ಬಾ ಈಗ್ಲೇ' ಅಂದರು. ಸನ್ಮಾನ ಮಾಡುತ್ತಾರೆ ಅಂದುಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದೆ. ಮೇಡಂ ಜಗಲಿಯ ಮೇಲೆ ಕೈಗೆ ಎಣ್ಣೆ ಸವರಿಕೊಂಡು ಹಲಸಿನಹಣ್ಣು ಬಿಡಿಸುತ್ತಿದ್ದರು. ಕೂರು ಅನ್ನಲಿಲ್ಲ.

'ಒಬ್ಬ ಸುಶೀಲನ್ನ ತೋರ್ಸು' ಅಂದರು.

'ಅಂದ್ರೆ ಮೇಡಂ?'

'ಇಷ್ಟುದ್ದ ಬರ್ದಿದ್ದೀಯಲ್ಲ ಅವ್ರ ಬಗ್ಗೆ. ಅಂಥೋನು ಒಬ್ಬನ್ನ ನಂಗೆ ತೋರ್ಸು. ಬೆಳಿಗ್ಗಿಂದ ಉಡುಕ್ತಾವ್ನಿ, ಸಿಕ್ತಿಲ್ಲ.'

'ಐದು' ಅಂದೆ. ಏನು ಕೊಟ್ಟರೂ ಐದನ್ನೇ ವಾಪಸ್ ಕೊಡುವ ಫಂಕ್ಷನ್ನು. ಅದು ಎಳ್ಳಷ್ಟೂ ಅಲುಗಾಡುವುದಿಲ್ಲವಲ್ಲ, ಅದಕ್ಕಿಂತ ಸಾಧು ಇನ್ಯಾರು?

'ಅದು ಸ್ಥಿರಾಂಕ. ಕಲ್ಲು. ಕಲ್ಲು ಬುಟ್ಟು ಬ್ಯಾರೆ ತೋರ್ಸು.'

ನಾನು ಎಕ್ಸ್ ಅಂದೆ, ಎಕ್ಸ್ ಸ್ಕ್ವೇರ್ ಅಂದೆ, ಸೈನ್ ಅಂದೆ, ನನಗೆ ಹೆಸರು ಗೊತ್ತಿದ್ದವರನ್ನೆಲ್ಲ ಕರೆದೆ. ಒಬ್ಬನೂ ಸುಶೀಲನಾಗಿರಲಿಲ್ಲ. ಆಗ ಮೇಡಂ ಹಲಸಿನ ಬೀಜಗಳನ್ನು ಜಗಲಿಯ ಮೇಲೆ ಸಾಲಾಗಿ ಜೋಡಿಸಿದರು.

'ಇದು ನಂಜನಗೂಡು. ಆ ತುದಿ ನರಸೀಪುರ. ನಡುವಿನ ದಾರೀನ ಒಂದು ಅಂತ ಇಟ್ಕೊ. ನೂರು ತುಂಡು ಮಾಡು. ಒಂದೊಂದು ತುಂಡ್ಗೂ ನಿನ್ ಸುಶೀಲ ಎಷ್ಟು ಸರೀಬೋದು?'

'ನೂರರಲ್ಲೊಂದರ ನೂರರಲ್ಲೊಂದು.'

'ಅಂಥವು ನೂರು ಸೇರುದ್ರೆ?'

'ಒಟ್ಟು ನೂರರಲ್ಲೊಂದು.'

'ಸಾವ್ರ ತುಂಡು ಮಾಡು.'

'ಒಟ್ಟು ಸಾವಿರದಲ್ಲೊಂದು' ಅಂದೆ. ಹೇಳುತ್ತಿದ್ದಂತೆ ಇಸ್ತ್ರಿ ಅಂಗಿಯೊಳಗೆ ಬೆವರು ಇಳಿಯಿತು.

'ಲಕ್ಷ ಮಾಡು, ಕೋಟಿ ಮಾಡು. ನೀನು ತುಂಡು ಮಾಡ್ದಷ್ಟೂ ಅವ್ನು ಒಟ್ಟು ಸರ್ಯಾದು ಕಮ್ಮಿ ಆಯ್ತಾ ಓಯ್ತದೆ. ಅಂಗಾರೆ ನಂಜನಗೂಡಿಂದ ಒಂಟ ನಿನ್ ಸುಶೀಲ ನರಸೀಪುರಕ್ಕೆ ಬರೋ ಒತ್ಗೆ ಎಷ್ಟು ಸರ್ದಿರ್ತಾನೆ?'

'ಒಂಚೂರೂ ಇಲ್ಲ ಮೇಡಂ.'

'ಇಲ್ಲ. ನಿನ್ ಸುಶೀಲ್ರೆಲ್ಲಾ ಕಲ್ಲುಗಳು. ನಾವು ಇಷ್ಟು ದಿವ್ಸ ಕಲ್ಲಿಗೆ ಕಲ್ಲು ಕೂಡ್ಸಿ, ಕಲ್ಲೇ ಬಂತು ಅಂತ ಕುಣುದ್ವಿ ಕಣೋ.'

ನನಗೆ ಅಳು ಬರಬೇಕಿತ್ತು. ಬಂದದ್ದು ನಗು. ತಡೆದೆ, ತಡೆಯಲಾಗಲಿಲ್ಲ, ಮೂಗಿನಿಂದ ಬಂತು. ಮೇಡಂ ನನ್ನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಎಣ್ಣೆಗೈ ಹಣೆಗೆ ಬಡಿದುಕೊಂಡು ಅವರೂ ಶುರುಮಾಡಿದರು. ಒಳಗಿನಿಂದ ಅವರ ತಾಯಿ ಬಂದು, 'ಏನವ್ವ ಅದು, ಅಣ್ಣು ಉಳಿ ಬಂದದಾ?' ಅಂತ ಕೇಳಿದರು. 'ಇಲ್ಲ ಕಣವ್ವ, ನಾವೇ ಉಳಿ ಬಂದಿದೀವಿ' ಅಂದರು ಮೇಡಂ. ಹಣೆಗೆ ಹಲಸಿನ ಅಂಟು ಮೆತ್ತಿಕೊಂಡಿತ್ತು.

ನಗು ಮುಗಿದ ಮೇಲೆ ವಿಷಯ ಅಲ್ಲೇ ಕೂತಿತ್ತು. ಪ್ರಾಜೆಕ್ಟ್ ವಿಭಾಗಕ್ಕೆ ಕೊಟ್ಟಾಗಿದೆ. ಪರೀಕ್ಷಕರು ಬರುವುದು ಆ ವಾರವೇ. ಮುಂದಿನ ವರ್ಷಕ್ಕೆ ಮೇಡಂ ಅರ್ಜಿ ಹಾಕುವ ಸಮಯವೂ ಅದೇ. ಇಲ್ಲದವರ ಮೇಲೆ ಅಧ್ಯಾಯಗಟ್ಟಲೆ ಬರೆಸಿ ಸಹಿ ಹಾಕಿದ ಗೈಡಿಗೆ ಯಾವ ಮುಖ್ಯಸ್ಥರು 'ಇರಲಿ' ಅಂದಾರು?

ಸೋಮವಾರ ಮೇಡಂ ನನ್ನನ್ನು ಕರೆದುಕೊಂಡು ಮುಖ್ಯಸ್ಥರ ಕೋಣೆಗೇ ಹೋಗಿ ಇದ್ದದ್ದನ್ನು ಹೇಳಿದರು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

'ಪ್ರಮೇಯಗಳು ತಪ್ಪಾ?'

'ಎಲ್ಲಾ ಸರಿ ಸಾ. ಆದ್ರೆ ಯಾರ್ ಮ್ಯಾಲೂ ಅಲ್ಲ.'

'ಬರೋರು ಆಲ್ಜೀಬ್ರಾ ಜನ ಕಣಮ್ಮ. ಅವರಿಗೆ ಇದೆಲ್ಲ ಹೊಳಿಯಲ್ಲ. ಇವನು ಎರಡು ನಿಮಿಷ ಮಾತಾಡ್ಲಿ, ಅವರು ಕಾಫಿ ಕುಡೀಲಿ, ಮುಗೀತು. ನಿಮ್ಮ ಅರ್ಜಿ ಬೇರೆ ನನ್ನ ಮುಂದೆ ಬರುತ್ತೆ. ಈಗ ಯಾಕೆ ಗಲಾಟೆ?'

ಅದರಲ್ಲಿ ದುರುದ್ದೇಶ ಇರಲಿಲ್ಲ, ನಮ್ಮಿಬ್ಬರ ಮೇಲೆ ಕರುಣೆಯೇ ಇತ್ತು. ನನಗಂತೂ ಅವರ ಕಾಲು ಹಿಡಿಯುವಷ್ಟು ಖುಷಿಯಾಯಿತು. ಹೊರಗೆ ಬಂದು, 'ಬದುಕಿದ್ವಿ ಮೇಡಂ' ಅಂದೆ.

ಮೇಡಂ ಕಾರಿಡಾರಿನಲ್ಲಿ ನಿಂತುಬಿಟ್ಟರು. 'ನೀನು ಬದುಕ್ದೆ. ನಾನು ಇದ್ನ ಮುಚ್ಚಾಕ್ಬುಟ್ಟು ನಾಳೀಕೆ ಯಾವ್ ಬಾಯಲ್ಲಿ ಮಕ್ಕಳ್ನ ಒಬ್ಬನ್ನ ತೋರ್ಸು ಅಂತ ಕೇಳ್ಲೋ?' ಅಂದರು. ಬೈಯಲಿಲ್ಲ. ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ. 'ಕಡೇಲಿ ಒಂದು ಆಳೆ ಸೇರ್ಸು. ನಿನ್ನೆ ಬೀಜ ಜೋಡ್ಸಿ ಏನ್ ಮಾಡ್ದೋ ಅದ್ನ ಬರಿ. ಇಂಥೋರು ಕಲ್ಲು ಬುಟ್ರೆ ಯಾರೂ ಇಲ್ಲ ಅಂತ ನೀನೇ ಸಾಧ್ಸು. ಪರೀಕ್ಷಕರ್ಗೆ ಏಳೋದು ನಾನ್ ಏಳ್ತೀನಿ.'

ಪರೀಕ್ಷಕರು ಧಾರವಾಡದ ಕಡೆಯ ಹಿರಿಯರು. ನಾನು ಬಾಯಿ ತೆರೆಯುವ ಮೊದಲೇ ಮೇಡಂ ಎದ್ದು ನಿಂತರು. 'ಸಾ, ಇದ್ರಲ್ಲಿ ಒಂದು ತಪ್ಪದೆ. ಅದು ಹುಡುಗುಂದಲ್ಲ. ಉದಾಹರಣೆ ಕೇಳ್ದೆ ಸಹಿ ಹಾಕಿರೋಳು ನಾನು' ಅಂದರು. ಮುಖ್ಯಸ್ಥರು ಕಿಟಕಿಯ ಆಚೆ ಯಾರನ್ನೋ ಹುಡುಕುವವರಂತೆ ನೋಡತೊಡಗಿದರು.

ನಾನು ಬೋರ್ಡಿನ ಮುಂದೆ ನಿಂತು ಸುಶೀಲರ ಜನನ, ಬಾಲ್ಯ, ಸಾಧನೆ ಎಲ್ಲ ಹೇಳಿ, ಕೊನೆಯ ಹಾಳೆಯಲ್ಲಿ ಅವರನ್ನೆಲ್ಲ ಒಟ್ಟಿಗೆ ಮಣ್ಣು ಮಾಡಿದೆ. ನನ್ನ ಸರಳರೇಖೆಗಳು ಅಲೆಗಳಾಗಿ ಬಂದವು. ಹಿರಿಯರು ಕಾಫಿ ಲೋಟ ಕೆಳಗಿಟ್ಟರು.

'ಇಷ್ಟೆಲ್ಲಾ ಬರದೀಯಲ್ಲಪಾ, ಇದರಾಗ ಸುಳ್ಳ ಯಾವುದರ ಐತೇನು?'

'ಇಲ್ಲ ಸರ್. ಎಲ್ಲಾ ನಿಜ.'

'ಯಾರ ಬಗ್ಗೆ ನಿಜ?'

'ಕಲ್ಲುಗಳ ಬಗ್ಗೆ ಸರ್.'

ಹಿರಿಯರ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು. 'ಕಲ್ಲಿನ ಬಗ್ಗೆ ಇಷ್ಟ ಉದ್ದ ಯಾರೂ ಮಾತಾಡಿಲ್ಲ ಬಿಡು. ಬರೇ ನಿನ್ನ ಮೊದಲಿನ ಅಧ್ಯಾಯ ಇದ್ದಿದ್ರ ಫೇಲ್ ಮಾಡ್ತಿದ್ದೆ. ಈ ಕಡೀ ಹಾಳೀಗೆ ಪಾಸ್ ಮಾಡೇನಿ. ಮಾರ್ಕ್ಸ ಭಾಳ ಕೇಳಬ್ಯಾಡ.' ಆಮೇಲೆ ಮುಖ್ಯಸ್ಥರ ಕಡೆ ತಿರುಗಿ, ಮೇಡಂ ಕಡೆ ಕೈ ತೋರಿಸಿ, 'ಈ ಬಾಯಾರು ಖಾಯಂ ಏನು?' ಎಂದು ಕೇಳಿದರು. 'ಅತಿಥಿ' ಅಂದರು ಮುಖ್ಯಸ್ಥರು. 'ಹಿಂತಾ ಅತಿಥಿನ್ನ ಕಳಸಬ್ಯಾಡ್ರಿ' ಅಂದರು ಹಿರಿಯರು. ಮುಖ್ಯಸ್ಥರು 'ನೋಡೋಣ' ಅನ್ನಲು ಬಾಯಿ ತೆರೆದದ್ದನ್ನು ನಾನು ಕಣ್ಣಾರೆ ಕಂಡೆ. ಬಾಯಿ ಹಾಗೇ ಇತ್ತು, ಮಾತು ಬದಲಾಯಿತು. 'ಇರ್ಲಿ' ಅಂದರು.

ಅವತ್ತು ಸಂಜೆ ಮೇಡಂ ತಮ್ಮೂರಿನ ಬಸ್ಸು ಹತ್ತಲಿಲ್ಲ. 'ನಿನ್ ಫ್ಲೆಕ್ಸ್ ಕಟ್ಟವ್ರಂತಲ್ಲ, ನೋಡ್ಬೇಕು' ಎಂದು ನನ್ನ ಜೊತೆ ನಂಜನಗೂಡಿಗೆ ಬಂದರು. ನನಗೆ ನೆಲ ಬಿರಿಯಬಾರದೇ ಅನಿಸಿತು. ಸಿದ್ದರಾಜುವಿಗೆ ಮೊದಲೇ ಫೋನು ಮಾಡಿ ವಿಷಯ ತಿಳಿಸಿದ್ದೆ, ಅವನು ಏಣಿ ಹಿಡಿದುಕೊಂಡೇ ನಿಂತಿದ್ದ. 'ಮೇಡಮ್ನೋರೇ, ಇದು ಸುಳ್ಳಂತಲ್ಲ. ಬಿಚ್ಚಾಕ್ಬುಡ್ಲಾ?'

'ತಡಿಯಪ್ಪ' ಅಂದರು ಮೇಡಂ. ತಲೆಯೆತ್ತಿ, ಉತ್ತರಪತ್ರಿಕೆ ತಿದ್ದುವ ಹಾಗೆ ಒಂದೊಂದೇ ಪದಕ್ಕೆ ಬೆರಳಿಟ್ಟುಕೊಂಡು ಓದಿದರು. 'ಪ್ರಮೇಯ. ಅದು ಸರಿ, ಸಾಧ್ಸವ್ನೆ. ನೂತನ. ಕಲ್ಲಿನ್ ಬಗ್ಗೆ ಯಾರೂ ಬರ್ದಿರಕಿಲ್ಲ, ಅದೂ ಇರ್ಲಿ. ನೆಚ್ಚಿನ. ಯಾರ್ಗೆ?'

'ನಂಗೆ' ಅಂದ ಸಿದ್ದರಾಜು.

'ಒಬ್ಬ ಸಿಕ್ದ, ಸಾಕು. ವಿಶ್ವವಿಖ್ಯಾತ. ಇವ್ನು ಗೊತ್ತಿರೋರು ಈ ತಾಲೂಕಿಂದ ಆಚೆ ಒಬ್ರನ್ನ ತೋರ್ಸು.'

ಸಿದ್ದರಾಜು ಸರ್ಕಲ್ಲನ್ನೆಲ್ಲ ಒಂದು ಸುತ್ತು ನೋಡಿದ. ಕೊನೆಗೆ ಹಿಂಜರಿಯುತ್ತಾ, 'ನೀವೇ ಅಲ್ವಾ ಮೇಡಂ, ನರಸೀಪುರದೋರು' ಅಂದ.

ಮೇಡಂ ಆ ಪದಕ್ಕೂ ಗಾಳಿಯಲ್ಲೇ ಬೆರಳಿನಿಂದ ಒಂದು ರೈಟ್ ಎಳೆದರು. 'ಆಯ್ತು, ಅದೂ ಪಾಸು' ಅಂದು ಕೆಳಗಿನ ಮುಖಗಳ ಸಾಲನ್ನು ಹುಡುಕಿದರು. 'ಎಲ್ಲಾರೂ ಅವ್ರೆ. ಗೈಡ್ ಎಲ್ಲಿ? ಅರ್ಧ ತಪ್ಪು ನಂದು. ಅವ್ನೊಬ್ನೇ ಇಷ್ಟಗ್ಲ ನಿಂತ್ಕಂಡು ಮೆರುದ್ರೆ ಎಂಗೆ?'

ಬ್ಯಾಗು ತೆರೆದು ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದರು. ಮರುದಿನ ಅರ್ಜಿಗೆ ಅಂಟಿಸಲೆಂದು ತೆಗೆಸಿದ್ದು. ಸಿದ್ದರಾಜು ಅದಕ್ಕೆ ಗೋಂದು ಬಳಿದು, ಏಣಿ ಹತ್ತಿ, ನನ್ನ ಭುಜದ ಪಕ್ಕ, ರಾಕೆಟ್ಟಿನ ಬಾಲದ ಹತ್ತಿರ ಒತ್ತಿದ. ಇಳಿದು ರಸ್ತೆಯ ಆ ಬದಿಗೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿದ.

'ಮೇಡಂ, ಇಲ್ಲಿಂದ ನೀವು ಕಾಣ್ತಾನೇ ಇಲ್ಲ' ಎಂದು ಕೂಗಿದ.

'ಕಾಣ್ದಿದ್ರೆ ಬುಡಪ್ಪ' ಅಂದರು ಮೇಡಂ, ನರಸೀಪುರದ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾ. 'ಇದೀನಲ್ಲ.'